ಮರದ ಬಾಗಿಲಿಗೆ ಆರು ಮುಖ

ಕರ್ನಾಟಕದ ಪಟ್ಟಣಗಳಲ್ಲಿ ಹೊಸದಾಗಿ ಏಳುವ ಮನೆಗಳಲ್ಲಿ ಗಟ್ಟಿ ಮರ ಉಳಿದಿರುವುದು ಹೆಚ್ಚಾಗಿ ಮುಂಬಾಗಿಲಲ್ಲಿ. ಒಳಕೋಣೆಗಳಿಗೆ ಫ್ಲಶ್ ಡೋರ್ ಬಂದಿದೆ, ಬಚ್ಚಲಿಗೆ ಪಿವಿಸಿ, ಕಿಟಕಿಗೆ ಅಲ್ಯೂಮಿನಿಯಂ ಅಥವಾ ಯುಪಿವಿಸಿ. ಮುಂಬಾಗಿಲ ವಿಷಯಕ್ಕೆ ಬಂದರೆ ಮಾತ್ರ ಸಾಲ ಮಾಡಿಯಾದರೂ ತೇಗವೇ ಆಗಬೇಕು. ಇಷ್ಟು ದುಡ್ಡು ಸುರಿದರೂ ಮೊದಲ ಮಳೆಗಾಲಕ್ಕೇ ಚೌಕಟ್ಟಿಗೆ ಕಚ್ಚಿಕೊಳ್ಳುವ, ಮರುಬೇಸಿಗೆಗೆ ಸಂದು ಬಿಡುವ, ಎರಡು ವರ್ಷಕ್ಕೆ ಪಾಲಿಶ್ ಸಿಪ್ಪೆ ಏಳುವ ಬಾಗಿಲುಗಳಿಗೆ ಕೊರತೆಯಿಲ್ಲ. ದೂರು ಮರದ ಅಡ್ಡೆಯವನ ಮೇಲೋ ಆಚಾರಿಯ ಮೇಲೋ ಹೋಗುತ್ತದೆ. ಹೆಚ್ಚಿನ ಸಲ ನಡೆದಿರುವುದು ಬೇರೆ. ಕಡಿದು, ಒಣಗಿಸಿ, ಸೀಳಿ, ಜೋಡಿಸಿದ ಮೇಲೂ ಮರವು ಗಾಳಿಯ ತೇವವನ್ನು ಹೀರುತ್ತ ಬಿಡುತ್ತ ಇರುತ್ತದೆ. ಕೆಲಸದ ಯಾವುದೋ ಒಂದು ಹಂತದಲ್ಲಿ ಯಾರೋ ಒಬ್ಬರು ಅದನ್ನು ಮರೆತಿರುತ್ತಾರೆ.

ಹಸಿ ಮರದಲ್ಲಿ ನೀರು ಎರಡು ಕಡೆ ಇರುತ್ತದೆ: ಕೋಶಗಳ ಪೊಳ್ಳಿನಲ್ಲಿ ಮತ್ತು ಕೋಶಗಳ ಗೋಡೆಯಲ್ಲಿ. ಪೊಳ್ಳಿನ ನೀರು ಆರಿದರೆ ಮರ ಹಗುರಾಗುತ್ತದೆಯೇ ಹೊರತು ಕುಗ್ಗುವುದಿಲ್ಲ. ತೇವಾಂಶ ಸುಮಾರು 30 ಪ್ರತಿಶತಕ್ಕೆ ಇಳಿದ ಮೇಲೆ ಗೋಡೆಯ ನೀರು ಹೊರಡಲು ಶುರುವಾಗುತ್ತದೆ, ಕುಗ್ಗುವಿಕೆಯೂ ಅಲ್ಲಿಂದಲೇ. ಈ ಕುಗ್ಗುವಿಕೆ ಎಲ್ಲ ದಿಕ್ಕಿನಲ್ಲೂ ಒಂದೇ ಸಮನಲ್ಲ. ನಾರಿನ ಉದ್ದಕ್ಕೆ ಅದು ಲೆಕ್ಕಕ್ಕಿಲ್ಲದಷ್ಟು ಕಡಿಮೆ. ಅಡ್ಡಕ್ಕೆ ಹೆಚ್ಚು, ಅದರಲ್ಲೂ ಬೆಳವಣಿಗೆಯ ಉಂಗುರಗಳ ಗುಂಟ ಇನ್ನೂ ಹೆಚ್ಚು. ಮರಗಳ ಪೈಕಿ ಸಾಧು ಎನಿಸಿದ ತೇಗ ಕೂಡ ಹಸಿಯಿಂದ ಪೂರ್ತಿ ಒಣಗುವ ಹೊತ್ತಿಗೆ ಉಂಗುರದ ಗುಂಟ 5ರಿಂದ 6 ಪ್ರತಿಶತ, ತಿರುಳಿನಿಂದ ತೊಗಟೆಯ ಕಡೆಗೆ ಅದರ ಅರ್ಧಕ್ಕೂ ಕಡಿಮೆ ಕುಗ್ಗುತ್ತದೆ.

ಒಣಗಿದ ಮರ ಸುತ್ತಲಿನ ಗಾಳಿಗೆ ತಕ್ಕ ತೇವಾಂಶಕ್ಕೆ ಬಂದು ನಿಲ್ಲುತ್ತದೆ. ಕಲಬುರಗಿಯ ಏಪ್ರಿಲ್‌ನಲ್ಲಿ ಅದು 10 ಪ್ರತಿಶತಕ್ಕಿಂತ ಸಾಕಷ್ಟು ಕೆಳಗಿರುತ್ತದೆ. ಮಂಗಳೂರಿನ ಜುಲೈಯಲ್ಲಿ 18ನ್ನು ಮುಟ್ಟಬಹುದು. ಒಂದೇ ಊರಿನಲ್ಲಿ ಬೇಸಿಗೆಗೂ ಮಳೆಗಾಲಕ್ಕೂ ನಡುವೆ 5 ಪ್ರತಿಶತದಷ್ಟು ಏರಿಳಿತ ಅಂದುಕೊಂಡರೆ ಲೆಕ್ಕ ಹೀಗಾಗುತ್ತದೆ: ಹಲಗೆಗಳನ್ನು ಅಂಟಿಸಿ ಒಂದು ಮೀಟರ್ ಅಗಲದ ಬಾಗಿಲು ಮಾಡಿದರೆ ಅದರ ಅಗಲ ಸುಮಾರು ಒಂದು ಸೆಂಟಿಮೀಟರ್ ಹಿಗ್ಗಿ ಕುಗ್ಗುತ್ತದೆ. ಅಂಥ ಬಾಗಿಲು ಮಳೆಗಾಲದಲ್ಲಿ ಹಾಕಿಕೊಳ್ಳುವುದೇ ಇಲ್ಲ.

ಪ್ಯಾನೆಲ್ ಬಾಗಿಲು ಹುಟ್ಟಿದ್ದು ಈ ತೊಡಕಿಗೆ ಪರಿಹಾರವಾಗಿ. ಎರಡು ಪಕ್ಕದಲ್ಲಿ ಉದ್ದನೆಯ ನಿಲುಪಟ್ಟಿ, ಅವುಗಳ ನಡುವೆ ಮೂರೋ ನಾಲ್ಕೋ ಅಡ್ಡಪಟ್ಟಿ, ಮಧ್ಯದ ಖಾಲಿ ಜಾಗಗಳಲ್ಲಿ ತೆಳು ಹಲಗೆ. ಅಡ್ಡಪಟ್ಟಿಯ ನಾರು ಬಾಗಿಲಿನ ಅಗಲಕ್ಕೇ ಹರಿಯುವುದರಿಂದ ಅದು ಆ ದಿಕ್ಕಿನಲ್ಲಿ ಹಿಗ್ಗುವುದಿಲ್ಲ. ಹಿಗ್ಗುವುದು ಎರಡು ನಿಲುಪಟ್ಟಿಗಳು ಮಾತ್ರ. ಎರಡೂ ಸೇರಿ ಹತ್ತು ಅಂಗುಲವಾದರೆ, ಮೇಲಿನ ಲೆಕ್ಕದಲ್ಲೇ ಏರಿಳಿತ ಎರಡೂವರೆ ಮಿಲಿಮೀಟರ್ ಮೀರದು. ನಡುವಿನ ಹಲಗೆಗಳು ಎಷ್ಟು ಬೇಕಾದರೂ ಹಿಗ್ಗಲಿ, ಪಟ್ಟಿಗಳ ಅಂಚಿನ ಗಾಡಿಯೊಳಗೆ, ಎಂದರೆ ಕೊರೆದ ತೋಡಿನೊಳಗೆ, ಸರಿದಾಡಲು ಅವಕ್ಕೆ ಜಾಗವಿರುತ್ತದೆ. ಇರಬೇಕು, ಎಂದರೆ ಹೆಚ್ಚು ಸರಿ. ‘ಗಟ್ಟಿಯಾಗಲಿ’ ಎಂದು ಗಾಡಿಗೆ ಅಂಟು ಸುರಿದೋ, ಬದಿಯಿಂದ ಮೊಳೆ ಹೊಡೆದೋ ಹಲಗೆಯನ್ನು ಬಿಗಿದುಬಿಡುವವರಿದ್ದಾರೆ. ಬೇಸಿಗೆಯಲ್ಲಿ ಕುಗ್ಗಲಾರದ ಹಲಗೆ ನಡುವೆ ಸೀಳುತ್ತದೆ. ದೇವರ ಕೆತ್ತನೆಯ ದುಬಾರಿ ಬಾಗಿಲುಗಳಲ್ಲಿ ವಿಗ್ರಹದ ಮುಖದ ಮೇಲೆಯೇ ನೆಟ್ಟಗೆ ಬಿರುಕು ಕಾಣುವುದಕ್ಕೆ ಇದೇ ಕಾರಣ.

ಹಳೆಯ ಮನೆಗಳ ದಪ್ಪ ಹಲಗೆ ಬಾಗಿಲುಗಳ ಉಪಾಯ ಬೇರೆಯದು. ಒಂದು ಕದದ ಬದಲು ಎರಡು ಕಿರಿದಾದ ಕದ, ನಡುವೆ ಒಂದರ ಮೇಲೊಂದು ಕೂರುವ ಪಟ್ಟಿ. ಹಿಗ್ಗಿದರೂ ಕುಗ್ಗಿದರೂ ಆ ಪಟ್ಟಿ ಸಂದನ್ನು ಮುಚ್ಚುತ್ತದೆ. ಅವಕ್ಕೆ ಕಬ್ಬಿಣದ ಕೀಲೂ ಇರಲಿಲ್ಲ. ಕದದ ಅಂಚಿನ ಮೇಲೂ ಕೆಳಗೂ ಬಿಟ್ಟ ಮರದ ಗೂಟ ಚೌಕಟ್ಟಿನ ಕುಳಿಯಲ್ಲಿ ತಿರುಗುತ್ತಿತ್ತು. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ಗೆ ಸಾಗಿಸಿ ಮತ್ತೆ ಕಟ್ಟಿದ ಹಳೆಯ ಮನೆಗಳಲ್ಲಿ, ಕೊಡಗಿನ ಐನ್‌ಮನೆಗಳಲ್ಲಿ ಆ ಕಾಲದ ಬಾಗಿಲುಗಾರಿಕೆಯನ್ನು ಈಗಲೂ ನೋಡಬಹುದು.

ಯಾವ ಮರ, ಎಷ್ಟು ಒಣಗಿದ್ದು

ತೇಗಕ್ಕೆ ಬೆಲೆ ಬಂದದ್ದು ಚೆಂದಕ್ಕಲ್ಲ. ಅದು ಕಡಿಮೆ ಅಲುಗಾಡುತ್ತದೆ. ಅದರ ಚೇಗಿನಲ್ಲಿರುವ, ಎಂದರೆ ಗಟ್ಟಿ ಒಳಮರದಲ್ಲಿರುವ, ಎಣ್ಣೆಯಂಶ ನೀರನ್ನು ತಡೆಯುತ್ತದೆ. ಟೆಕ್ಟೊಕ್ವಿನೋನ್ ಎಂಬ ರಾಸಾಯನಿಕದಿಂದಾಗಿ ಗೆದ್ದಲು ಅದರ ತಂಟೆಗೆ ಹೋಗುವುದು ಅಪರೂಪ. ಆದರೆ ಈ ಗುಣಗಳೆಲ್ಲ ಚೇಗಿನವು. ಸುತ್ತಲಿನ ತಿಳಿ ಬಣ್ಣದ ಭಾಗ ತೇಗದಲ್ಲೂ ಗೆದ್ದಲಿಗೆ, ಕೊರೆಯುವ ಹುಳಕ್ಕೆ ಒಳ್ಳೆಯ ಆಹಾರ. ಎಳೆಯ ವಯಸ್ಸಿಗೇ ಕಡಿದ ತೋಟದ ಮರದಲ್ಲಿ ಈ ತಿಳಿಭಾಗವೇ ಅಗಲ. ದಾಂಡೇಲಿಯ ಅರಣ್ಯ ಇಲಾಖೆ ಡಿಪೊದಲ್ಲಿ ಹರಾಜಾಗುವ ಕಾಡಿನ ತೇಗಕ್ಕೆ ಹೆಸರಿದೆ, ಬೆಲೆಯೂ ಹಾಗೇ ಇದೆ. ಬರ್ಮಾ ತೇಗ ಎಂದು ಜನ ಈಗಲೂ ಕೇಳುತ್ತಾರೆ. ಮ್ಯಾನ್ಮಾರ್ 2014ರ ಏಪ್ರಿಲ್‌ನಿಂದ ದಿಮ್ಮಿ ರಫ್ತನ್ನು ನಿಲ್ಲಿಸಿದೆ. ಈಗ ಅಡ್ಡೆಗಳಲ್ಲಿರುವುದರಲ್ಲಿ ಬಹುಪಾಲು ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ತೋಟದ ತೇಗ. ಅದು ಕೆಟ್ಟದ್ದೇನಲ್ಲ, ಆದರೆ ಕೊಳ್ಳುವವರು ಕೇಳಬೇಕಾದದ್ದು ಯಾವ ದೇಶದ್ದು ಎಂದಲ್ಲ. ಹಲಗೆಯಲ್ಲಿ ತಿಳಿಭಾಗ ಎಷ್ಟು, ತೇವ ಎಷ್ಟು ಎಂದು.

ತೇಗವೊಂದೇ ಮರವಲ್ಲ. ಮಲೆನಾಡು ಕರಾವಳಿಗಳಲ್ಲಿ ಹಲಸು, ಹೆಬ್ಬಲಸುಗಳ ಬಾಗಿಲುಗಳು ತಲೆಮಾರುಗಟ್ಟಲೆ ಬಂದಿವೆ. ಹಲಸು ಹೊಸದರಲ್ಲಿ ಅರಿಸಿನದ ಬಣ್ಣವಿದ್ದು ಬೆಳಕು ತಾಗುತ್ತ ಕಂದಾಗುತ್ತದೆ. ಬಯಲುಸೀಮೆಯಲ್ಲಿ ಬೇವು, ಜಾಲಿ ಬಳಸುತ್ತಿದ್ದರು. ಚೌಕಟ್ಟಿಗೆ ಹೊನ್ನೆ, ಮತ್ತಿ, ನಂದಿ ಚೆನ್ನಾಗಿ ಬಾಳುತ್ತವೆ. ಹೊನ್ನೆಗೆ ಒಂದು ದುರ್ಗುಣವಿದೆ: ಒದ್ದೆಯಾದರೆ ಹಳದಿ ಬಣ್ಣ ಬಿಟ್ಟು ಪಕ್ಕದ ಸುಣ್ಣದ ಗೋಡೆಯನ್ನೆಲ್ಲ ಕಲೆ ಮಾಡುತ್ತದೆ. ಮತ್ತಿ ಗಟ್ಟಿ, ಆದರೆ ಸರಿಯಾಗಿ ಒಣಗದಿದ್ದರೆ ತಿರುಚಿಕೊಳ್ಳುತ್ತದೆ.

ಮರ ಮಾರುವುದು ಘನ ಅಡಿಯ ಲೆಕ್ಕದಲ್ಲಿ. ಅಡ್ಡಕೊಯ್ತದ ಅಂಗುಲಗಳನ್ನು ಗುಣಿಸಿ 144ರಿಂದ ಭಾಗಿಸಿ, ಅಡಿಯಲ್ಲಿರುವ ಉದ್ದದಿಂದ ಗುಣಿಸಿದರೆ ಘನ ಅಡಿ ಬರುತ್ತದೆ. ಏಳು ಅಡಿ ಎತ್ತರ, ಮೂರೂವರೆ ಅಡಿ ಅಗಲದ ಮುಂಬಾಗಿಲಿಗೆ 5×4 ಅಂಗುಲದ ಚೌಕಟ್ಟು ಹೊಸ್ತಿಲೂ ಸೇರಿ ಸುಮಾರು 23 ಅಡಿ ಮರ ಬೇಡುತ್ತದೆ, ಎಂದರೆ ಮೂರು ಘನ ಅಡಿಗೆ ತುಸು ಮೇಲೆ. ಈ ಲೆಕ್ಕ ಗೊತ್ತಿದ್ದವರಿಗೆ ಅಡ್ಡೆಯಲ್ಲಿ ಬಿಲ್ಲು ಬೇರೆಯೇ ಬರುತ್ತದೆ ಎಂಬುದು ಅನುಭವಸ್ಥರ ಮಾತು.

ತೇವಾಂಶಕ್ಕೆ ಭಾರತೀಯ ಮಾನಕವೇ ಇದೆ. ಐಎಸ್ 287 ದೇಶವನ್ನು ಹವೆಗೆ ತಕ್ಕಂತೆ ನಾಲ್ಕು ವಲಯಗಳಾಗಿ ವಿಂಗಡಿಸಿ, ಯಾವ ವಲಯದಲ್ಲಿ ಯಾವ ಕೆಲಸದ ಮರ ಎಷ್ಟು ಒಣಗಿರಬೇಕೆಂದು ಹೇಳುತ್ತದೆ. ಬಾಗಿಲಿನ ದಪ್ಪದ ಮರಕ್ಕೆ ಅದು ಒಣ ವಲಯದಿಂದ ತೇವದ ವಲಯದವರೆಗೆ ಸುಮಾರು 8ರಿಂದ 14 ಪ್ರತಿಶತದ ಒಳಗಿದೆ. ಎರಡು ಮುಳ್ಳು ಚುಚ್ಚಿ ಓದುವ ಸಣ್ಣ ಮೀಟರು ಇದನ್ನು ನಿಂತ ನಿಲುವಿನಲ್ಲೇ ತೋರಿಸುತ್ತದೆ. ಹಲಗೆಯ ಕೊನೆಗಳನ್ನು ಬಿಟ್ಟು ನಡುವೆ ಚುಚ್ಚಿ ನೋಡಬೇಕು, ಯಾಕೆಂದರೆ ಕೊನೆ ಯಾವಾಗಲೂ ಬೇಗ ಒಣಗಿರುತ್ತದೆ. ಎಲ್ಲಿಯೋ ಒಣಗಿಸಿ ತಂದ ಮರವಾದರೂ ಕೆಲಸ ನಡೆಯುವ ಊರಿನ ಗಾಳಿಗೆ ಹೊಂದಿಕೊಳ್ಳಲು ಎರಡು ಮೂರು ವಾರ ಬೇಕು. ಹಲಗೆಗಳ ನಡುವೆ ಸಣ್ಣ ರೀಪು ಕೊಟ್ಟು, ನೆರಳಿನಲ್ಲಿ, ನೆಲದಿಂದ ಎತ್ತರದಲ್ಲಿ ಅಟ್ಟಿ ಹಾಕಬೇಕು. ನಿಲುಪಟ್ಟಿಗೆ ಹಲಗೆ ಆರಿಸುವಾಗ ಅದರ ತುದಿಯನ್ನು ನೋಡುವ ಆಚಾರಿ ಕೆಲಸ ಬಲ್ಲವನು: ಉಂಗುರದ ಗೆರೆಗಳು ಅಗಲ ಮುಖಕ್ಕೆ ನೆಟ್ಟಗೆ ನಿಂತಿದ್ದರೆ ಆ ಹಲಗೆ ನೇರವಾಗಿ ಉಳಿಯುತ್ತದೆ, ಗೆರೆಗಳು ಕಮಾನಾಗಿ ಬಾಗಿದ್ದರೆ ಬಟ್ಟಲಿನಂತೆ ಡೊಂಕಾಗುತ್ತದೆ.

ಚೌಕಟ್ಟು ನಿಲ್ಲಿಸುವುದು

ಕದಕ್ಕಿಂತ ಮೊದಲು ಚೌಕಟ್ಟು. ಪಾಯ ಮುಗಿದು ಗೋಡೆ ಏಳುವ ಹೊತ್ತಿಗೆ ಒಳ್ಳೆಯ ದಿನ ನೋಡಿ ಮುಂಬಾಗಿಲ ಚೌಕಟ್ಟಿಗೆ ಪೂಜೆ ಮಾಡಿ, ಹೊಸ್ತಿಲ ಕೆಳಗೆ ನವಧಾನ್ಯ, ನಾಣ್ಯ ಇಟ್ಟು ನಿಲ್ಲಿಸುತ್ತಾರೆ. ಸಂಪ್ರದಾಯ ಚೆನ್ನಾಗಿದೆ, ಮರಕ್ಕೆ ಮಾತ್ರ ಅದರ ನಂತರದ ಆರು ತಿಂಗಳು ಕಷ್ಟಕಾಲ. ಗೋಡೆಗೆ ಕ್ಯೂರಿಂಗ್ ನೀರು ಬೀಳುತ್ತದೆ, ಸಿಮೆಂಟು ಮೆತ್ತುತ್ತದೆ, ಹೊಸ್ತಿಲ ಮೇಲೆ ತಳ್ಳುಗಾಡಿ ಓಡುತ್ತದೆ. ಆದ್ದರಿಂದ ನಿಲ್ಲಿಸುವ ಮೊದಲೇ ಗೋಡೆಗೆ ತಾಗುವ ಬೆನ್ನಿಗೆ ಟಾರಿನಂಥ ಬಿಟುಮೆನ್ ಬಣ್ಣ ಅಥವಾ ವುಡ್ ಪ್ರೈಮರ್, ಕಾಣುವ ಮುಖಗಳಿಗೆ ಒಂದು ಕೈ ಸೀಲರ್ ಬಳಿದು ಪ್ಲಾಸ್ಟಿಕ್ ಸುತ್ತುವುದು ಒಳ್ಳೆಯದು. ಕರಾವಳಿಯಲ್ಲಿ ಬೆನ್ನಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುವ ಹಳೆಯ ರೂಢಿಯೂ ಇದೆ. ಗೆದ್ದಲಿಗೆ ಅದು ವಿಷ, ಮನುಷ್ಯರ ಚರ್ಮವನ್ನೂ ಸುಡುತ್ತದೆ, ಕೈಗವಸು ಬೇಕು.

ನಿಲ್ಲಿಸುವಾಗ ನೋಡಬೇಕಾದದ್ದು ಮೂರು. ಕಾಲುಗಳು ಎರಡೂ ಕಡೆಯಿಂದ, ಎಂದರೆ ಮುಂದಿನಿಂದಲೂ ಪಕ್ಕದಿಂದಲೂ, ತೂಕದ ಗುಂಡಿಗೆ ನೆಟ್ಟಗಿರಬೇಕು. ಮೂಲೆಯಿಂದ ಮೂಲೆಗೆ ಹಿಡಿದ ಎರಡು ಓರೆ ಅಳತೆಗಳು ಸಮನಾಗಿರಬೇಕು. ಮೂರನೆಯದನ್ನು ಬಹಳ ಮಂದಿ ನೋಡುವುದೇ ಇಲ್ಲ: ಎದುರುಬದುರು ಮೂಲೆಗಳಿಗೆ ಎರಡು ದಾರಗಳನ್ನು ಬಿಗಿದರೆ ಅವು ನಡುವೆ ಒಂದಕ್ಕೊಂದು ಸೋಕಿದಂತಿರಬೇಕು. ನಡುವೆ ಅಂತರ ಕಂಡರೆ, ಅಥವಾ ಒಂದನ್ನೊಂದು ತಳ್ಳಿದರೆ, ಚೌಕಟ್ಟು ತಿರುಚಿದೆ ಎಂದರ್ಥ. ಗುಂಡಿಗೆ ಸರಿ, ಮೂಲೆಗೆ ಸರಿ ಇದ್ದೂ ಕದದ ಒಂದು ಮೂಲೆ ಮಾತ್ರ ಮುಚ್ಚದೆ ಹೊರಗೆ ನಿಲ್ಲುವುದು ಈ ತಿರುಚಿನಿಂದ. ಆಮೇಲೆ ಕದವನ್ನು ಎಷ್ಟು ಕೆತ್ತಿದರೂ ಸರಿಹೋಗದು.

ಪ್ರತಿ ಕಾಲಿಗೆ ಮೂರು ಕಬ್ಬಿಣದ ಹೋಲ್ಡ್‌ಫಾಸ್ಟ್ ಬಡಿದು ಗೋಡೆಯಲ್ಲಿ ಕಾಂಕ್ರೀಟಿನೊಂದಿಗೆ ಹುದುಗಿಸುತ್ತಾರೆ. ಹೊಸ್ತಿಲಿಲ್ಲದ ಮೂರು ಬದಿಯ ಚೌಕಟ್ಟಾದರೆ ಗೋಡೆಯ ಒತ್ತಡಕ್ಕೆ ಕಾಲುಗಳು ಒಳಕ್ಕೆ ಬಾರದಂತೆ ಕೆಳಗೂ ನಡುವೆಯೂ ತಾತ್ಕಾಲಿಕ ಅಡ್ಡಪಟ್ಟಿ ಹೊಡೆದು, ಗಿಲಾವು ಮುಗಿಯುವವರೆಗೆ ಬಿಡಬೇಕು. ಕೆಲಸದವರು ಓಡಾಟಕ್ಕೆ ಅಡ್ಡಿಯೆಂದು ಮೊದಲು ಕೀಳುವುದು ಇದನ್ನೇ.

ಈಗಾಗಲೇ ಇರುವ ಚೌಕಟ್ಟಿಗೆ ಹೊಸ ಕದ ಮಾಡಿಸುವುದಾದರೆ ಅಳತೆ ಒಂದೇ ಕಡೆ ತೆಗೆದರೆ ಸಾಲದು. ಅಗಲವನ್ನು ಮೇಲೆ, ನಡುವೆ, ಕೆಳಗೆ, ಎತ್ತರವನ್ನು ಎರಡೂ ಪಕ್ಕದಲ್ಲಿ ಅಳೆಯಬೇಕು. ಹಳೆಯ ಮನೆಗಳಲ್ಲಿ ಈ ಅಳತೆಗಳು ಒಂದಾಗಿರುವುದು ಅಪರೂಪ. ನೆಲಕ್ಕೆ ಹೊಸ ಗ್ರಾನೈಟೋ ಟೈಲ್ಸೋ ಬರುವುದಿದ್ದರೆ ಅದರ ದಪ್ಪವನ್ನೂ ಕಳೆಯಬೇಕು.

ಕದ ಕೂರಿಸುವುದು

38 ಮಿಲಿಮೀಟರ್ ದಪ್ಪದ ತೇಗದ ಮುಂಬಾಗಿಲು 45ರಿಂದ 55 ಕಿಲೊ ತೂಗುತ್ತದೆ. ಇಷ್ಟು ಭಾರ ಹೊರುವುದು ಅಂಗೈ ಅಗಲದ ಕೆಲವು ಲೋಹದ ತುಂಡುಗಳು, ಹಾರ್ಡ್‌ವೇರ್ ಅಂಗಡಿಯ ಮಾತಿನಲ್ಲಿ ಹಿಂಜಸ್. ಮುಂಬಾಗಿಲಿಗೆ ಐದು ಅಂಗುಲದ ನಾಲ್ಕು ಕೀಲು ಇದ್ದರೆ ನಿಶ್ಚಿಂತೆ. ಮೂರೇ ಆದರೆ ಮೂರನೆಯದನ್ನು ನಟ್ಟನಡುವೆ ಇಡುವುದಕ್ಕಿಂತ ಮೇಲಿನದರ ಹತ್ತಿರ ಇಡುವುದು ಲೇಸು. ಬಾಗಿಲಿನ ಭಾರ ಮೇಲಿನ ಕೀಲನ್ನು ಚೌಕಟ್ಟಿನಿಂದ ಹೊರಕ್ಕೆ ಎಳೆಯುತ್ತದೆ, ಕೆಳಗಿನದನ್ನು ಒಳಕ್ಕೆ ಒತ್ತುತ್ತದೆ. ಸಡಿಲವಾಗುವುದು ಯಾವಾಗಲೂ ಮೇಲಿನದೇ. ಕರಾವಳಿಯ ಉಪ್ಪುಗಾಳಿಗೆ ಕಬ್ಬಿಣದ ಕೀಲು ಬೇಡ. ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಆಗಬೇಕು. ಕಬ್ಬಿಣಕ್ಕೆ ಇನ್ನೊಂದು ತಂಟೆಯೂ ಇದೆ: ಮರದ ಟ್ಯಾನಿನ್ ತೇವದೊಂದಿಗೆ ಸೇರಿ ಕಬ್ಬಿಣದ ಸುತ್ತ ಕಪ್ಪು ಕಲೆ ಬಿಡುತ್ತದೆ.

ಮೊದಲು ಕೀಲು ಹಾಕದೆಯೇ ಕದವನ್ನು ಚೌಕಟ್ಟಿನೊಳಗೆ ನಿಲ್ಲಿಸಿ, ಕೆಳಗೆ ಬೆಣೆ ಕೊಟ್ಟು ಎತ್ತಿ ಸುತ್ತಲಿನ ಸಂದನ್ನು ನೋಡುತ್ತಾರೆ. ಪಕ್ಕಗಳಲ್ಲೂ ಮೇಲೂ ಸುಮಾರು 3 ಮಿಲಿಮೀಟರ್, ಕೆಳಗೆ 5ರಿಂದ 6 ಬಿಡುವುದು ರೂಢಿ. ಒಂದರ ಮೇಲೊಂದು ಇಟ್ಟ ಎರಡು ಒಂದು ರೂಪಾಯಿ ನಾಣ್ಯಗಳು ಆಡುವಷ್ಟು ಎಂಬ ಅಳತೆ ಅನುಕೂಲ. ಆದರೆ ಈ ಮೂರು ಮಿಲಿಮೀಟರಿಗೆ ಋತುವನ್ನು ಕೂಡಿಸಿ ಕಳೆಯಬೇಕು. ವೈಶಾಖದಲ್ಲಿ ಒಣಗಿ ಕುಗ್ಗಿರುವ ಕದಕ್ಕೆ ಸಂದು ಅಷ್ಟೇ ಬಿಟ್ಟರೆ ಆಷಾಢದಲ್ಲಿ ಹಿಡಿಯುತ್ತದೆ; ಆಷಾಢದಲ್ಲಿ ಕೂರಿಸುವ ಕದಕ್ಕೆ ಅಷ್ಟೇ ಬಿಟ್ಟರೆ ಶಿವರಾತ್ರಿಯ ಹೊತ್ತಿಗೆ ಹೊರಗಿನ ಬೆಳಕು ಒಳಗೆ ಗೆರೆಯಾಗಿ ಬೀಳುತ್ತದೆ. ಬೇಸಿಗೆಯ ಕೆಲಸಕ್ಕೆ ಒಂದು ಮಿಲಿಮೀಟರ್ ಹೆಚ್ಚು, ಮಳೆಗಾಲದ ಕೆಲಸಕ್ಕೆ ತುಸು ಕಡಿಮೆ. ಪಾಲಿಶ್‌ನ ಪದರಗಳೂ ಒಂದಿಷ್ಟು ಜಾಗ ತಿನ್ನುತ್ತವೆ.

ಕದವನ್ನು ಹೆರೆಯಲು ತೋಪಡ ಹಾಕುವುದಿದ್ದರೆ ಕೀಲಿನ ಕಡೆಯ ಅಂಚಿಗೆ ಹಾಕುವುದು ಒಳ್ಳೆಯದು, ಅಲ್ಲಿಯದು ಕಣ್ಣಿಗೆ ಕಾಣುವುದಿಲ್ಲ. ಬೀಗದ ಕಡೆಯ ಅಂಚನ್ನು ನೆಟ್ಟಗೆ ಬಿಡದೆ, ಮೊದಲು ಮುಚ್ಚುವ ಮೂಲೆಯ ಕಡೆಗೆ ಎರಡು ಮೂರು ಡಿಗ್ರಿ ಓರೆ ಕೊಡಬೇಕು. ಕದ ತಿರುಗುವಾಗ ಆ ಮೂಲೆ ಸಾಗುವ ದಾರಿ ಒಂದು ಕಮಾನು. ಓರೆ ಇಲ್ಲದಿದ್ದರೆ ಸಂದು ಸರಿಯಿದ್ದರೂ ಮೂಲೆ ಚೌಕಟ್ಟಿಗೆ ಉಜ್ಜುತ್ತದೆ.

ಕೀಲಿನ ರೆಕ್ಕೆ ಕೂರಲು ಉಳಿಯಿಂದ ತೆಗೆಯುವ ಗಾಡಿಯ ಆಳ ಆ ರೆಕ್ಕೆಯ ದಪ್ಪದಷ್ಟೇ ಇರಬೇಕು. ಆಳ ಕಡಿಮೆಯಾದರೆ ಕೀಲಿನ ಕಡೆ ಸಂದು ಅಗಲವಾಗುತ್ತದೆ. ಹೆಚ್ಚಾದರೆ ಕದದ ಅಂಚು ಚೌಕಟ್ಟಿಗೆ ಒತ್ತಿ, ಮುಚ್ಚಿದ ಬಾಗಿಲು ತನ್ನಷ್ಟಕ್ಕೆ ತೆರೆದುಕೊಳ್ಳುತ್ತದೆ. ಅದಕ್ಕೆ ರೆಕ್ಕೆಯ ಕೆಳಗೆ ಒಂದು ತುಂಡು ರಟ್ಟು ಕೊಟ್ಟರೆ ಸಾಕು. ಎಲ್ಲ ಕೀಲುಗಳ ಕಡ್ಡಿಗಳು ಒಂದೇ ನೇರದಲ್ಲಿರಬೇಕು, ಇಲ್ಲದಿದ್ದರೆ ಪ್ರತಿ ಸಲ ತೆರೆದಾಗಲೂ ಒಂದನ್ನೊಂದು ತಿರುಚುತ್ತ ಕಿರುಗುಡುತ್ತವೆ.

ಇನ್ನು ಸ್ಕ್ರೂ ವಿಷಯ. ಅರ್ಧ ಸುತ್ತಿಗೆಯಲ್ಲಿ ಬಡಿದು ಉಳಿದರ್ಧ ತಿರುಗಿಸುವುದು ನಮ್ಮಲ್ಲಿ ಸರ್ವೇಸಾಮಾನ್ಯ, ಮತ್ತು ಪೂರ್ತಿ ತಪ್ಪು. ಸ್ಕ್ರೂವಿನ ಹಿಡಿತವೆಲ್ಲ ಅದರ ಸುರುಳಿ ಮರದಲ್ಲಿ ಕೊರೆದುಕೊಳ್ಳುವ ದಾರಿಯಲ್ಲಿದೆ. ಬಡಿದಾಗ ಆ ದಾರಿಯೇ ನುಚ್ಚಾಗುತ್ತದೆ. ಮೊದಲು ಸ್ಕ್ರೂಗಿಂತ ಸಣ್ಣ ತೂತು ಕೊರೆದು, ಸುರುಳಿಗೆ ಮೇಣ ಸವರಿ ತಿರುಗಿಸಬೇಕು. ಹಿತ್ತಾಳೆಯ ಸ್ಕ್ರೂ ಗಟ್ಟಿ ಮರದಲ್ಲಿ ತಲೆ ಮುರಿದುಕೊಳ್ಳುತ್ತದೆ, ಹಾಗಾಗಿ ಅದೇ ಅಳತೆಯ ಸ್ಟೀಲಿನದನ್ನು ಒಮ್ಮೆ ಹಾಕಿ ತೆಗೆದು ಆಮೇಲೆ ಹಿತ್ತಾಳೆಯದನ್ನು ಕೂರಿಸುತ್ತಾರೆ. ಮೇಲಿನ ಕೀಲಿಗೆ ಉಳಿದವಕ್ಕಿಂತ ಉದ್ದನೆಯ ಸ್ಕ್ರೂ ಹಾಕುವುದು ಜಾಣತನ.

ಬೀಗ, ಚಿಲಕ, ಅಗುಳಿ, ಹಿಡಿ ಎಲ್ಲದಕ್ಕೂ ತೂತು ಗಾಡಿಗಳನ್ನು ಈ ಹಂತದಲ್ಲೇ ತೆಗೆದು, ಒಮ್ಮೆ ಹಾಕಿ ನೋಡಿ, ಎಲ್ಲವನ್ನೂ ಬಿಚ್ಚಬೇಕು. ಹೌದು, ಕದವನ್ನೂ ಇಳಿಸಬೇಕು. ಮುಂದಿನ ಕೆಲಸ ನೇತಾಡುವ ಕದಕ್ಕೆ ಮಾಡುವಂಥದ್ದಲ್ಲ.

ಪಾಲಿಶ್

ಬಾಗಿಲಿಗೆ ಎರಡು ಮುಖ ಎಂದು ತಿಳಿಯುವುದರಿಂದಲೇ ಅರ್ಧ ಅನಾಹುತ. ಎದುರು, ಹಿಂದೆ, ಎರಡು ಪಕ್ಕ, ತಲೆ, ಬುಡ ಸೇರಿ ಆರು ಮುಖ. ಇವುಗಳಲ್ಲಿ ತಲೆ ಮತ್ತು ಬುಡದಲ್ಲಿ ನಿಲುಪಟ್ಟಿಗಳ ನಾರಿನ ತುದಿ ತೆರೆದಿರುತ್ತದೆ. ಮರ ಮಣ್ಣಿನ ನೀರನ್ನು ಎತ್ತುತ್ತಿದ್ದ ನಾಳಗಳೇ ಅವು. ಬದಿಯ ಮುಖಕ್ಕಿಂತ ಎಷ್ಟೋ ಪಟ್ಟು ವೇಗವಾಗಿ ತೇವ ಅಲ್ಲಿಂದ ಒಳಹೋಗುತ್ತದೆ. ಹೊಸ್ತಿಲು ತೊಳೆದು ರಂಗೋಲಿ ಹಾಕುವ ಮನೆಯಲ್ಲಿ ಬುಡಕ್ಕೆ ದಿನವೂ ನೀರು. ನೇತುಹಾಕಿದ ಕದಕ್ಕೆ ಪಾಲಿಶ್ ಮಾಡುವವರ ಕುಂಚ ಬುಡಕ್ಕೆ ತಾಗುವುದೇ ಇಲ್ಲ, ತಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಮುಂದೆ ಕನ್ನಡಿಯಂತೆ ಹೊಳೆಯುವ ಬಾಗಿಲು ಬುಡದಿಂದ ನೀರು ಕುಡಿದು ಉಬ್ಬುತ್ತದೆ, ಉಬ್ಬಿದ ಮರ ಮೇಲಿನ ಪದರವನ್ನು ಒಳಗಿನಿಂದ ತಳ್ಳುತ್ತದೆ. ಕೆಳಗಿನ ಒಂದು ಅಡಿಯಲ್ಲೇ ಪಾಲಿಶ್ ಮೊದಲು ಏಳುವುದು ಇದಕ್ಕೆ. ಹೊರಮುಖಕ್ಕೆ ಮೂರು ಕೈ, ಒಳಮುಖಕ್ಕೆ ಒಂದೇ ಕೈ ಬಳಿಯುವುದೂ ಇಂಥದೇ ತಪ್ಪು: ಒಂದು ಬದಿ ಬೇಗ ತೇವ ಹೀರಿ ಇನ್ನೊಂದು ಬದಿ ನಿಧಾನವಾದರೆ ಕದ ಬಾಗುತ್ತದೆ. ಬೀಗದ ಗಾಡಿ, ಕೀಲಿನ ಗಾಡಿಗಳ ಒಳಗೂ ಒಂದು ಕೈ ಹೋಗಬೇಕು.

ಮೊದಲಿಗೆ ಉಪ್ಪುಕಾಗದ. 80 ಅಥವಾ 100 ನಂಬರಿನಿಂದ ಶುರುಮಾಡಿ 120, 180, 220ಕ್ಕೆ ಬರುತ್ತಾರೆ. ನಾರಿನ ಗುಂಟವೇ ಉಜ್ಜಬೇಕು. ಅಡ್ಡ ಉಜ್ಜಿದ ಗೀರು ಆಗ ಕಾಣದಿದ್ದರೂ ಬಣ್ಣ ಹಚ್ಚಿದ ಕೂಡಲೇ ಎದ್ದು ಕಾಣುತ್ತದೆ. ಒಂದು ನಂಬರನ್ನು ಹಾರಿಸಿದರೆ ಹಿಂದಿನ ಗೀರುಗಳು ಉಳಿದುಬಿಡುತ್ತವೆ. ಕೊನೆಯಲ್ಲಿ ಒದ್ದೆ ಬಟ್ಟೆಯಿಂದ ಒರೆಸಿ ಆರಲು ಬಿಟ್ಟರೆ ಸಣ್ಣ ನಾರುಗಳು ರೋಮದಂತೆ ಏಳುತ್ತವೆ, ಅವನ್ನು 220ರಲ್ಲಿ ಮೆಲ್ಲಗೆ ತೆಗೆಯಬೇಕು. ತೇಗಕ್ಕೆ ಇನ್ನೊಂದು ಕ್ರಮವಿದೆ. ನೀರು ತಡೆಯುವ ಅದರ ಎಣ್ಣೆಯೇ ಪಾಲಿಶ್ ಹಿಡಿಯುವುದನ್ನೂ ತಡೆಯುತ್ತದೆ. ಬಳಿಯುವ ಸ್ವಲ್ಪ ಮೊದಲು ಥಿನ್ನರ್ ಬಟ್ಟೆಯಿಂದ ಮೇಲ್ಮೈಯ ಎಣ್ಣೆ ಒರೆಸಬೇಕು. ಪ್ಯಾನೆಲ್ ಹಲಗೆಗಳಿಗೆ ಜೋಡಿಸುವ ಮೊದಲೇ ಬಣ್ಣ, ಸೀಲರ್ ಆಗಿದ್ದರೆ ಉತ್ತಮ. ಇಲ್ಲವಾದರೆ ಬೇಸಿಗೆಯಲ್ಲಿ ಹಲಗೆ ಕುಗ್ಗಿದಾಗ ಗಾಡಿಯೊಳಗೆ ಅವಿತಿದ್ದ ಬಿಳಿ ಪಟ್ಟಿ ಹೊರಗೆ ಇಣುಕುತ್ತದೆ.

ಬಳಿಯುವುದು ಏನನ್ನು ಎಂಬುದಕ್ಕೆ ಬಾಗಿಲಿರುವ ಜಾಗ ಉತ್ತರ ಹೇಳುತ್ತದೆ. ಅರಗಿನ ಪಾಲಿಶ್ ಹಳೆಯ ಕಾಲದ್ದು. ಮುತ್ತುಗ, ಬೋರೆಯಂಥ ಮರಗಳ ಮೇಲೆ ಬೆಳೆಯುವ ಅರಗಿನ ಹುಳು ಸ್ರವಿಸುವ ರಾಳವನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಲೀಟರಿಗೆ ಸುಮಾರು 150 ಗ್ರಾಂನಂತೆ, ಬಟ್ಟೆಯ ಉಂಡೆಯಿಂದ ತೆಳ್ಳಗೆ ಪದರದ ಮೇಲೆ ಪದರ ಸವರುತ್ತಾರೆ. ಮರದ ಬಣ್ಣ ಅದರಲ್ಲಿ ತೆರೆದುಕೊಳ್ಳುವಷ್ಟು ಇನ್ಯಾವುದರಲ್ಲೂ ಇಲ್ಲ, ಆದರೆ ನೀರು ನಿಂತರೆ ಬೆಳ್ಳಗಾಗುತ್ತದೆ, ಬಿಸಿಲು ತಡೆಯುವುದಿಲ್ಲ. ದೇವರಮನೆಯ ಬಾಗಿಲಿಗೆ ಹೇಳಿ ಮಾಡಿಸಿದ್ದು, ಬೀದಿಗೆ ತೆರೆದ ಬಾಗಿಲಿಗೆ ಅಲ್ಲ. ಮೆಲಮೈನ್ ಗಟ್ಟಿ ಹೊಳಪು ಕೊಡುತ್ತದೆ. ಅದೂ ಒಳಗಿನ ಬಾಗಿಲುಗಳಿಗೇ ಸರಿ, ಬಿಸಿಲಿಗೆ ಸಿಡಿಯುತ್ತದೆ. ಮುಂಬಾಗಿಲಿಗೆ ಹೊರಾಂಗಣಕ್ಕೆಂದೇ ಮಾಡಿದ, ಅತಿನೇರಳೆ ಕಿರಣ ತಡೆಯುವ ಪಿಯು (ಪಾಲಿಯುರೆಥೇನ್) ಆಗಬೇಕು. ಡಬ್ಬಿಯ ಮೇಲೆ ‘ಇಂಟೀರಿಯರ್’ ಎಂದಿದ್ದರೆ ಎಷ್ಟು ದುಬಾರಿಯಾದರೂ ಬೇಡ. ಎರಡು ಡಬ್ಬಿ ಬೆರೆಸುವ ಪಿಯುವಿನ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಇರುತ್ತದೆ. ಮೂಗಿಗೆ ಕರವಸ್ತ್ರ ಸಾಲದು, ಕಾರ್ಟ್ರಿಜ್ ಇರುವ ಮುಖಗವಸು ಬೇಕು.

ಅಗಸೆ ಎಣ್ಣೆಯ ದಾರಿ ಬೇರೆ. ಅದು ಮೇಲೆ ಪದರ ಕಟ್ಟದೆ ಒಳಗೆ ಇಳಿಯುತ್ತದೆ, ಸಿಪ್ಪೆ ಏಳುವ ಪ್ರಶ್ನೆಯೇ ಇಲ್ಲ, ವರ್ಷಕ್ಕೊಮ್ಮೆ ಬಟ್ಟೆಯಿಂದ ತಿಕ್ಕಿದರಾಯಿತು. ತಗ್ಗಿನ ಸೂರಿನ ನೆರಳಿರುವ ಬಾಗಿಲಿಗೆ ಇದಕ್ಕಿಂತ ಸುಲಭದ ವ್ಯವಸ್ಥೆ ಇಲ್ಲ. ಅಪಾಯ ಎಣ್ಣೆಯಲ್ಲಲ್ಲ, ಒರೆಸಿದ ಬಟ್ಟೆಯಲ್ಲಿ. ಅಗಸೆ ಎಣ್ಣೆ ಒಣಗುವಾಗ ಶಾಖ ಬಿಡುತ್ತದೆ. ಮುದ್ದೆಯಾಗಿ ಮೂಲೆಗೆಸೆದ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಆ ಬಟ್ಟೆಗಳನ್ನು ನೀರಲ್ಲಿ ಮುಳುಗಿಸಬೇಕು, ಇಲ್ಲವೇ ಬಯಲಲ್ಲಿ ಹರವಿ ಒಣಗಿಸಬೇಕು.

ಮಳೆ ಹಿಡಿದ ದಿನ ಪಾಲಿಶ್ ಕೆಲಸ ಬೇಡ. ಗಾಳಿಯ ತೇವ ಪದರದಲ್ಲಿ ಸಿಕ್ಕಿ ಹಾಲುಬಿಳಿ ಮಂಜು ಕಟ್ಟುತ್ತದೆ. ಪದರಗಳ ನಡುವೆ 320 ನಂಬರಿನಿಂದ ಹಗುರವಾಗಿ ಉಜ್ಜಿ ಧೂಳು ಒರೆಸಬೇಕು. ಎರಡು ದಪ್ಪ ಪದರಗಳಿಗಿಂತ ನಾಲ್ಕು ತೆಳು ಪದರ ಬಾಳುತ್ತದೆ. ಪೂರ್ತಿ ಗಟ್ಟಿಯಾಗಲು ಕೆಲವು ದಿನ ಬಿಟ್ಟು, ಆಮೇಲೆ ಕದವನ್ನು ಮತ್ತೆ ಏರಿಸಿ, ಕೀಲು ಬೀಗಗಳನ್ನು ಅವವುಗಳ ತೂತಿಗೇ ಕೂರಿಸಿದರೆ ಕೆಲಸ ಮುಗಿಯಿತು.

ಹಳೆಯ ಬಾಗಿಲಾದರೆ

ಕೆಡವಿದ ಮನೆಯ ಬಾಗಿಲನ್ನು ಕೊಂಡು ಬಣ್ಣ ಕೆರೆದು ಹೊಸ ಮನೆಗೆ ಹಾಕುವ ಒಲವು ಈಚೆಗೆ ಹೆಚ್ಚಿದೆ. ದಶಕಗಟ್ಟಲೆ ಒಣಗಿದ ಮರ, ಇನ್ನು ಅಲುಗಾಡುವುದು ಕಡಿಮೆ. ಒಂದೇ ಎಚ್ಚರ ಬಣ್ಣದ್ದು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸದ ಮಿತಿಯನ್ನು ಹತ್ತು ಲಕ್ಷಕ್ಕೆ 90 ಅಂಶಕ್ಕೆ ಇಳಿಸಿದ ನಿಯಮ ಭಾರತದಲ್ಲಿ ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಿಂದಿನ ಎನಾಮೆಲ್ ಪದರಗಳಲ್ಲಿ ಸೀಸ ಇರುವ ಸಂಭವ ಹೆಚ್ಚು. ಅದನ್ನು ಒಣಗಿದ್ದಾಗಲೇ ಯಂತ್ರದಿಂದ ಉಜ್ಜಿದರೆ ವಿಷದ ಧೂಳು ಮನೆ ತುಂಬುತ್ತದೆ, ಬೆಂಕಿಯಿಂದ ಸುಟ್ಟರೆ ಹೊಗೆಯಾಗಿ ಏಳುತ್ತದೆ. ಬಣ್ಣ ಕರಗಿಸುವ ರಿಮೂವರ್ ಬಳಿದು, ಮೆತ್ತಗಾದದ್ದನ್ನು ಕೆರೆದು, ಒದ್ದೆ ಮಾಡಿಯೇ ಉಜ್ಜಬೇಕು. ಮಕ್ಕಳು, ಬಸುರಿಯರು ಹತ್ತಿರ ಇರಬಾರದು, ಕೆರೆದ ಸಿಪ್ಪೆಯನ್ನು ಗಿಡದ ಬುಡಕ್ಕೆ ಹಾಕಬಾರದು. ಕಾಸ್ಟಿಕ್ ಸೋಡಾ ನೀರು ಬಣ್ಣವನ್ನೇನೋ ಬೇಗ ತೆಗೆಯುತ್ತದೆ, ಜೊತೆಗೆ ತೇಗ, ಹೊನ್ನೆಯಂಥ ಮರವನ್ನು ಕಪ್ಪಾಗಿಸಿ ಅಂಟಿನ ಜೋಡಣೆಗಳನ್ನು ಸಡಿಲಿಸುತ್ತದೆ. ಹಳೆಯ ಸ್ಕ್ರೂ ತೂತುಗಳು ದೊಡ್ಡದಾಗಿದ್ದರೆ ಅದೇ ಮರದ ಗೂಟವನ್ನು ಅಂಟು ಹಚ್ಚಿ ಬಡಿದು, ಒಣಗಿದ ಮೇಲೆ ಹೊಸದಾಗಿ ಕೊರೆಯಬೇಕು. ಬೆಂಕಿಕಡ್ಡಿ ತುರುಕುವುದು ಮುಂಬಾಗಿಲಿನ ಭಾರಕ್ಕೆ ನಿಲ್ಲದು.

ಕೂರಿಸಿದ ಮೊದಲ ವರ್ಷ ಬಾಗಿಲು ಹಿಡಿದರೆ ಅವತ್ತೇ ತೋಪಡ ಹಿಡಿಯುವುದು ಅವಸರ. ಮೊದಲು ಮೇಲಿನ ಕೀಲಿನ ಸ್ಕ್ರೂ ಬಿಗಿಯಿದೆಯೇ ನೋಡಬೇಕು. ಹಿಡಿಯುತ್ತಿರುವುದು ಬೀಗದ ಕಡೆಯ ಮೇಲ್ಮೂಲೆಯಲ್ಲಿ ಮಾತ್ರವಾದರೆ ಅದು ಜೋತಿರುವುದೇ ಹೊರತು ಉಬ್ಬಿರುವುದಲ್ಲ. ಅಂಚಿನುದ್ದಕ್ಕೂ ಹಿಡಿಯುತ್ತಿದ್ದರೆ ಉಬ್ಬಿದೆ. ಆಗಲೂ ಮಳೆ ಮುಗಿದು ಕಾರ್ತಿಕದವರೆಗೆ ಕಾಯುವುದು ಮೇಲು; ಉಬ್ಬಿದಾಗ ಕೆತ್ತಿದ ಅಂಚು ಬೇಸಿಗೆಗೆ ಅಗಲ ಸಂದಾಗುತ್ತದೆ. ಕೆತ್ತಲೇಬೇಕಾಗಿ ಬಂದರೆ ಕೆತ್ತಿದ ಅಂಚಿಗೆ ಅದೇ ದಿನ ಮತ್ತೆ ಸೀಲರ್ ಬಳಿಯಬೇಕು.

ಪಾಲಿಶ್ ಇನ್ನೂ ಜೀವಂತವಿದೆಯೇ ಎಂದು ತಿಳಿಯಲು ಹನಿ ನೀರು ಸಾಕು. ಹನಿ ಮಣಿಯಾಗಿ ನಿಂತರೆ ಸರಿ; ಹರಡಿ ಮರವನ್ನು ಕಪ್ಪಾಗಿಸಿದರೆ ಪದರ ಸೋತಿದೆ. ಸಿಪ್ಪೆ ಏಳುವ ಮೊದಲೇ ಹಗುರವಾಗಿ ಉಜ್ಜಿ ಇನ್ನೊಂದು ಕೈ ಬಳಿದರೆ ಒಂದು ದಿನದ ಕೆಲಸ, ಎದ್ದ ಮೇಲಾದರೆ ಬುಡದವರೆಗೆ ಕೆರೆಯಬೇಕು. ಹೊಸ ಪದರ ಹಳೆಯದರ ಜಾತಿಯದೇ ಆಗಿರಬೇಕೆಂಬುದು ಇಲ್ಲಿಯ ನಿಯಮ: ಮೇಣ, ಎಣ್ಣೆ ತಾಗಿದ ಮೈಗೆ ಪಿಯು ಅಂಟುವುದಿಲ್ಲ. ಏನು ಬಳಿದಿದ್ದರೆಂದು ನೆನಪಿಲ್ಲದಿದ್ದರೆ ಬಾಗಿಲಿನ ಹಿಂದುಗಡೆ ಕಾಣದ ಜಾಗದಲ್ಲಿ ಸ್ಪಿರಿಟ್ ಅದ್ದಿದ ಬಟ್ಟೆ ಒತ್ತಿ ನೋಡಬಹುದು. ಅರಗಾದರೆ ಅರೆ ನಿಮಿಷದಲ್ಲಿ ಅಂಟಂಟಾಗುತ್ತದೆ. ಅಂಥ ಬಾಗಿಲನ್ನು ಕೆರೆಯುವ ಅಗತ್ಯವೇ ಇಲ್ಲ, ಹೊಸ ಪಾಲಿಶ್‌ನ ಸ್ಪಿರಿಟ್ ಹಳೆಯ ಪದರವನ್ನು ಕರಗಿಸಿ ತನ್ನೊಂದಿಗೆ ಒಂದಾಗಿಸಿಕೊಳ್ಳುತ್ತದೆ.